ಕುದಿದ ಇಂಜಿನ್, ಮೌನೇಶನ ಚುಕ್ಕೆ

ಗ್ಯಾರೇಜಿನ ಕೀಲಿಕೈಯನ್ನು ತಮ್ಮನ ಮಗನಿಗೆ ಕೊಟ್ಟು ಒಂದು ವರ್ಷವಾಯಿತು. ಹಾಗೆಂದು ಮನೆಯಲ್ಲಿ ಕೂತಿದ್ದೇನೆ ಅಂದರೆ ಸುಳ್ಳಾಗುತ್ತದೆ. ನನಗೆ ಕೂರಲು ಬರುವುದಿಲ್ಲ. ಬೆಳಿಗ್ಗೆ ಚಹಾ ಕುಡಿದವನೇ ಕೊಟ್ಟೂರು ಬಸ್ ಸ್ಟ್ಯಾಂಡಿಗೆ ಹೋಗುತ್ತೇನೆ. ನಿಂತ ಗಾಡಿಗಳ ಸದ್ದು ಕೇಳುತ್ತೇನೆ. ಯಾವುದಾದರೂ ಕಟಕಟ ಅಂದರೆ ಅದರ ಡ್ರೈವರನಿಗೆ ನಾಲ್ಕು ಮಾತು ಬೈದು ವಾಪಸ್ ಬರುತ್ತೇನೆ, ಮತ್ತೆ ಹೋಗುತ್ತೇನೆ. "ನಿಮ್ಮ ಕಾಲಾಗ ಚಕ್ರ ಐತ್ರಿ" ಎನ್ನುತ್ತಾಳೆ ನನ್ನ ಹೆಂಡತಿ.

ಐಟಿಐ ಮುಗಿಸಿ ಈ ಕೆಲಸಕ್ಕೆ ಇಳಿಯುವವರು ಆಗಾಗ ಬಂದು, "ದಾದಾಪೀರ ಕಾಕಾ, ನಿಮ್ಮ ಕಾಲದ್ದು ಏನರ ಹೇಳ್ರಿ" ಎಂದು ಕೇಳುತ್ತಾರೆ. ಸತ್ತ ಗಾಡಿಗಳನ್ನು ನಾನು ಹೇಗೆ ಎಬ್ಬಿಸಿದೆ ಎಂಬುದನ್ನು ಕೂಡ್ಲಿಗಿಯಿಂದ ಹಡಗಲಿಯ ತನಕ ಎಲ್ಲ ಚಹಾ ಅಂಗಡಿಗಳಲ್ಲೂ ನಾನೇ ಹೇಳಿಕೊಂಡು ತಿರುಗಿದ್ದೇನೆ. ಅದು ಸಾಕು. ಹೇಳದೇ ಬಿಟ್ಟದ್ದು ಒಂದಿದೆ. ಹೊಸದಾಗಿ ಕಟ್ಟಿದ ಒಂದು ಇಂಜಿನ್ ಕುದಿಯಿತು, ಆ ಬಿಸಿ ಹೋಗಿ ನನ್ನ ಗೆಳೆಯನಿಗೆ ತಗುಲಿತು. ಅದನ್ನೇ ಬರೆಯುತ್ತೇನೆ.

ನಾನು ಕೆಲಸ ಕಲಿತದ್ದು ಹಗರಿಬೊಮ್ಮನಹಳ್ಳಿಯಲ್ಲಿ, ಒಬ್ಬ ಉಸ್ತಾದರ ಕೈಕೆಳಗೆ. ಅವರು ಹೇಳಿಕೊಡುತ್ತಿರಲಿಲ್ಲ, ಮಾಡಿ ತೋರಿಸುತ್ತಿದ್ದರು. ನಾವು ನೋಡದೆ ಆಚೀಚೆ ತಿರುಗಿದರೆ ಕೈಯಲ್ಲಿದ್ದ, ಬೋಲ್ಟು ಬಿಚ್ಚುವ ಪಾನಾದಿಂದಲೇ ಬೆನ್ನಿಗೆ ಬೀಳುತ್ತಿತ್ತು. ಸ್ಕ್ರೂಡ್ರೈವರಿನ ಹಿಡಿಗೆ ಕಿವಿ ಇಟ್ಟು, ತುದಿಯನ್ನು ಇಂಜಿನ್ನಿಗೆ ಒತ್ತಿ, ಒಳಗಿನ ರೋಗ ಹೇಳುತ್ತಿದ್ದರು. ಈಗ ನೀವು ವೈರ್ ಚುಚ್ಚಿ ಮೊಬೈಲಿನಲ್ಲಿ ಓದುತ್ತೀರಿ. ಒಳ್ಳೆಯದೇ, ನನಗೇನೂ ಹೊಟ್ಟೆಕಿಚ್ಚಿಲ್ಲ. ಆದರೆ ಮೊಬೈಲ್ ತೋರಿಸಿದ್ದನ್ನೇ ನಂಬಿಕೊಂಡು ಬಾನೆಟ್ ಎತ್ತದೆ ಕೂರುವವರನ್ನು ಕಂಡರೆ ಮೈ ಉರಿಯುತ್ತದೆ.

ಉಸ್ತಾದರದ್ದು ಒಂದು ಕಟ್ಟುನಿಟ್ಟು ಇತ್ತು. ಯಾವ ಗಾಡಿಯ ಇಂಜಿನ್ ಬಿಚ್ಚಿದರೂ ಮೊದಲು ಥರ್ಮೋಸ್ಟಾಟ್ ಹೊರಗೆ ಬರಬೇಕು. ಇಂಜಿನ್ನಿನಿಂದ ರೇಡಿಯೇಟರಿಗೆ ನೀರು ಹೋಗುವ ದಾರಿಯಲ್ಲಿ ಬಾಗಿಲಿನಂತೆ ಕೂರುವ ಸಣ್ಣ ಹಿತ್ತಾಳೆ ಸಾಮಾನು ಅದು. ಇಂಜಿನ್ ತಣ್ಣಗಿದ್ದಾಗ ಮುಚ್ಚಿರುತ್ತದೆ, ಬಿಸಿಯಾದರೆ ತಾನೇ ತೆರೆಯುತ್ತದೆ. "ಥಂಡಿ ದೇಶದಾಗ ಇಂಜಿನ್ ಬಿಸಿ ಮಾಡಾಕ ಇಟ್ಟದ್ದು ಇದು. ನಮ್ಮ ಬಿಸಲಾಗ ಬಾಗಲಾ ಯಾಕ್ಲೇ? ತಗದು ಒಗಿ" ಎನ್ನುತ್ತಿದ್ದರು. ಆ ಕಾಲದ ಗಾಡಿಗಳಿಗೆ ಅದರಿಂದ ಏನೂ ಆಗಲಿಲ್ಲ. ನಾನೂ ಜೀವನವಿಡೀ ಹಾಗೇ ತೆಗೆಯುತ್ತ ಬಂದೆ. ಹಿತ್ತಾಳೆ ಅಂತ ಎಸೆಯಲು ಮನಸ್ಸಾಗದೆ ಒಂದು ಬಿಸ್ಕೆಟ್ ಡಬ್ಬಿಗೆ ಹಾಕುತ್ತಿದ್ದೆ. ಡಬ್ಬಿ ತುಂಬುತ್ತಿತ್ತು, ನಾನು ಹೊಸ ಡಬ್ಬಿ ಇಡುತ್ತಿದ್ದೆ. ಕೊಟ್ಟೂರು, ಕೂಡ್ಲಿಗಿಯ ಗ್ಯಾರೇಜುಗಳಲ್ಲಿ ನನ್ನ ವಯಸ್ಸಿನ ಎಲ್ಲರ ಹತ್ತಿರವೂ ಅಂಥದೊಂದು ಡಬ್ಬಿ ಇದ್ದೇ ಇತ್ತು.

ನನ್ನ ಜೊತೆಗೇ ಉಸ್ತಾದರ ಏಟು ತಿಂದವನು ಮೌನೇಶ. ನಾನು ಮೂರು ಬೋಲ್ಟು ಬಿಚ್ಚುವಷ್ಟರಲ್ಲಿ ಅವನು ಒಂದನ್ನು ಬಿಚ್ಚಿ, ಒರೆಸಿ, ಬಟ್ಟೆಯ ಮೇಲೆ ಸಾಲಾಗಿ ಇಡುತ್ತಿದ್ದ. ಉಸ್ತಾದರು ನನ್ನನ್ನು ತೂಫಾನ್ ಅಂದರೆ ಅವನನ್ನು ಎತ್ತಿನ ಗಾಡಿ ಎನ್ನುತ್ತಿದ್ದರು. ಕೊನೆಗೆ ಎತ್ತಿನ ಗಾಡಿಗೆ ಸರಿಯಾದ ಕೆಲಸವೇ ಸಿಕ್ಕಿತು. ಅವನು ಹರಪನಹಳ್ಳಿಯಲ್ಲಿ ಬೋರಿಂಗ್ ಮಷಿನ್ ಹಾಕಿದ. ಸವೆದ ಇಂಜಿನ್ನಿನ ಸಿಲಿಂಡರುಗಳನ್ನು ಒಳಗಿನಿಂದ ಕೊರೆದು ಹೊಸ ಪಿಸ್ಟನ್ನಿಗೆ ಸರಿಹೊಂದಿಸುವ ಕೆಲಸ. ಅಲ್ಲಿ ಲೆಕ್ಕ ನಡೆಯುವುದು ಥೌನಲ್ಲಿ, ಅಂದರೆ ಇಂಚಿನ ಸಾವಿರದಲ್ಲೊಂದು ಪಾಲಿನಲ್ಲಿ. ತಲೆಗೂದಲು ಕೂಡ ಅದರ ಮುಂದೆ ದಪ್ಪ.

ಅವನ ಅಂಗಡಿ ಎಷ್ಟು ಇಕ್ಕಟ್ಟೆಂದರೆ ಮಷಿನ್, ಅದರ ಹಿಂದೆ ಅವನು, ಅಷ್ಟಕ್ಕೇ ಮುಗಿಯಿತು. ನಾನು ಹೋದಾಗಲೆಲ್ಲ, "ಹೊರಗ ನಿಲ್ಲಲೇ ದಾದು, ಒಳಗ ಜಾಗ ಇಲ್ಲ. ನೀ ಬಂದ್ರ ಏನರ ಕೆಡವತೀ" ಎನ್ನುತ್ತಿದ್ದ. ನಾನು ಹೊಸ್ತಿಲಲ್ಲೇ ನಿಂತು ಕಾಲು ಬದಲಿಸುತ್ತ ಮಾತಾಡುತ್ತಿದ್ದೆ. ಕೊರೆದು, ಅಳೆದು, ತೃಪ್ತಿಯಾದ ಮೇಲೆ ಅವನು ಸಿಲಿಂಡರುಗಳಿರುವ ಆ ಕಬ್ಬಿಣದ ಬ್ಲಾಕಿನ ಮೂಲೆಗೆ ಪಂಚ್ ಇಟ್ಟು ಸುತ್ತಿಗೆಯಿಂದ ಒಂದು ಚುಕ್ಕೆ ಹೊಡೆಯುತ್ತಿದ್ದ. ಸುತ್ತಲಿನ ಐದು ತಾಲೂಕುಗಳ ಮಿಸ್ತ್ರಿಗಳಿಗೆ ಆ ಚುಕ್ಕೆಯೇ ಗ್ಯಾರಂಟಿ. ಚುಕ್ಕೆ ಇದ್ದರೆ ಅಳೆಯದೇ ಪಿಸ್ಟನ್ ಇಳಿಸುತ್ತಿದ್ದೆವು.

ಒಂದು ಸಲ ಹಡಗಲಿಯ ಒಬ್ಬರ ಇಂಜಿನ್ ಕಟ್ಟುವಾಗ ನಾನು ದೊಡ್ಡ ತಪ್ಪು ಮಾಡಿದೆ. ನಮ್ಮ ಕಡೆ ಧೂಳು ಬಹಳ. ಇಂಜಿನ್ ಬಿಚ್ಚಿಟ್ಟಾಗ ಪ್ರತಿ ತೂತಿಗೂ ಹಳೇ ಬಟ್ಟೆ ತುರುಕುತ್ತೇವೆ. ಕಟ್ಟುವ ಅವಸರದಲ್ಲಿ ನೀರಿನ ದಾರಿಗೆ ತುರುಕಿದ ಬಟ್ಟೆಯನ್ನು ನಾನು ತೆಗೆಯಲೇ ಇಲ್ಲ. ಗಾಡಿ ಕುದಿಯಿತು. ಬ್ಲಾಕಿನ ಮೇಲೆ ಕೂರುವ ಹೆಡ್ ಸೊಟ್ಟಗಾಗಿದೆಯೇನೋ ಎಂದು ಬಿಚ್ಚಿ, ಬ್ಲಾಕ್ ಸಮೇತ ಮೌನೇಶನ ಹತ್ತಿರ ಒಯ್ದೆ. ಅವನು ಬೆರಳು ಹಾಕಿ ಬಟ್ಟೆ ಎಳೆದ. ಹೊರಗೆ ಗಾಡಿಯವರು ನಿಂತಿದ್ದರು. ಅವನು ಬಟ್ಟೆಯನ್ನು ಹಿಂಡಿ, ಮಡಚಿ, ನನ್ನ ಅಂಗಿಯ ಜೇಬಿಗೆ ಇಟ್ಟ. ಆಮೇಲೆ ಗಾಡಿಯವರಿಗೆ, "ಏನಿಲ್ರಿ, ಸಣ್ಣದಿತ್ತು, ಸರಿ ಮಾಡೀವಿ" ಎಂದ. ಅಷ್ಟೇ. ಅದನ್ನು ಅವನು ಇವತ್ತಿನ ತನಕ ಯಾರ ಮುಂದೆಯೂ ಆಡಿಲ್ಲ.

ಇಷ್ಟು ಹೇಳಿದ್ದು ಯಾಕೆಂದರೆ, ಮುಂದೆ ನಾನು ಮಾಡಿದ್ದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು.

ನಾನು ಗ್ಯಾರೇಜ್ ಬಿಡುವ ಹಿಂದಿನ ವರ್ಷ. ನಮ್ಮೂರಿನ ಕೊಟ್ರೇಶಿಯದ್ದು ಹತ್ತು ಸೀಟಿನ ಹಳೇ ಡೀಸೆಲ್ ಗಾಡಿ. ಕೊಟ್ಟೂರಿನಿಂದ ಉಜ್ಜಿನಿ ಕಡೆಯ ಶಾಲೆಗಳಿಗೆ ಆರು ಜನ ಟೀಚರುಗಳನ್ನು ದಿನಾ ಕರೆದುಕೊಂಡು ಹೋಗುತ್ತಿದ್ದ. ಗಾಡಿ ಹೊಗೆ ಉಗುಳಿ ಆಯಿಲ್ ಕುಡಿಯತೊಡಗಿತ್ತು. ದಸರಾ ರಜೆಯಲ್ಲಿ ಇಂಜಿನ್ ಇಳಿಸಿದೆ. ಅದನ್ನು ಅಲ್ಲಿಯ ತನಕ ಯಾರೂ ಬಿಚ್ಚಿರಲಿಲ್ಲ, ಎಲ್ಲ ಬೋಲ್ಟೂ ಕಂಪನಿಯಿಂದ ಬಂದ ಹಾಗೇ ಇತ್ತು. ಬ್ಲಾಕ್ ಹರಪನಹಳ್ಳಿಗೆ ಹೋಯಿತು, ಚುಕ್ಕೆ ಹಾಕಿಸಿಕೊಂಡು ಬಂತು. ಹೊಸ ಪಿಸ್ಟನ್, ಹೊಸ ರಿಂಗ್, ಹೊಸ ಗ್ಯಾಸ್ಕೆಟ್. ಕಟ್ಟಿ ಸ್ಟಾರ್ಟ್ ಮಾಡಿದರೆ ಸದ್ದು ಹೇಗಿತ್ತೆಂದರೆ, ಕೊಟ್ರೇಶಿ ಬಾನೆಟ್ಟಿಗೆ ನಿಂಬೆಹಣ್ಣು ಇಡುವುದನ್ನು ಬಿಟ್ಟು ನನ್ನ ಕಾಲಿಗೆ ಬೀಳಲು ಬಂದ.

ಶಾಲೆ ಶುರುವಾದ ಮೊದಲ ದಿನವೇ ಗಾಡಿ ದಾರಿಯಲ್ಲಿ ಕುದಿಯಿತು. ಫೋನು ಬಂತು, ಓಡಿದೆ. ಟೀಚರುಗಳು ಬೇವಿನ ಮರದ ಕೆಳಗೆ ನಿಂತಿದ್ದರು. ಅವರ ಹಾಜರಿ ಈಗ ಮೊಬೈಲಿನಲ್ಲಿ, ಹೊತ್ತು ಮೀರಿದರೆ ಅದು ಕೇಳುವುದಿಲ್ಲ. ರೇಡಿಯೇಟರಿನಿಂದ ಆವಿ ಭುಸ್ ಅನ್ನುತ್ತಿತ್ತು. ಹೊಸ ಇಂಜಿನ್ ಸ್ವಲ್ಪ ಬಿಸಿಯಾಗುತ್ತದೆ ಎಂದು ಸಮಾಧಾನ ಹೇಳಿ ನೀರು ಹಾಕಿ ಕಳಿಸಿದೆ. ಮಾರನೇ ದಿನ ಮತ್ತೆ ಕುದಿಯಿತು.

ಅವತ್ತಿನಿಂದ ನನಗೆ ಅನ್ನ ಸೇರಲಿಲ್ಲ. ಫ್ಯಾನ್ ಬೆಲ್ಟ್ ಬಿಗಿ ಮಾಡಿದೆ. ಟೈಮಿಂಗ್ ನೋಡಿದೆ. ವಾಟರ್ ಪಂಪ್ ಬಿಚ್ಚಿ ನೋಡಿದೆ. ಹೆಡ್ ಬೋಲ್ಟುಗಳನ್ನು ಮತ್ತೆ ಬಿಗಿದೆ. ರೇಡಿಯೇಟರ್ ಮುಟ್ಟಿದರೆ ಕೆಳಗಿನ ಭಾಗ ತಣ್ಣಗೆ, ಇಂಜಿನ್ ಮಾತ್ರ ಬೆಂಕಿ. ರೇಡಿಯೇಟರ್ ಕಟ್ಟಿಕೊಂಡಿದೆ ಎಂದು ತೊಳೆಸಿದೆ. ಆಗಲಿಲ್ಲ. ಬೇರೆ ಗಾಡಿಯ ಒಳ್ಳೇ ರೇಡಿಯೇಟರ್ ತಂದು ಹಾಕಿದೆ. ಅದೂ ತಣ್ಣಗೇ, ಇಂಜಿನ್ನೂ ಕುದಿಯುವುದೇ. ಬಿಚ್ಚುವುದು, ಕಟ್ಟುವುದು, ಉಜ್ಜಿನಿ ರಸ್ತೆಗೆ ಓಡಿಸುವುದು, ಮತ್ತೆ ಬಿಚ್ಚುವುದು. ಕೊಟ್ರೇಶಿ ಪಾಪ, ಮೂಲೆಯಲ್ಲಿ ನಿಂತು, "ಅಣ್ಣಾ, ಟೀಚರೆಲ್ಲ ಬಸ್ಸಿಗೆ ಹೊಕ್ಕೀವಿ ಅನ್ನಾಕತ್ಯಾರ" ಎಂದ. ಅವನ ಮೇಲೂ ರೇಗಿದೆ.

ಆಗ ತಲೆಗೆ ಹೊಳೆಯಿತು ನೋಡಿ. ಎರಡು ತಿಂಗಳ ಹಿಂದೆ ಮೌನೇಶನಿಗೆ ಕಣ್ಣಿನ ಪೊರೆ ತೆಗೆಸಿದ್ದರು. ಅವನು ಕೊರೆದ ಬೋರ್ ಬಿಗಿಯಾದರೆ ಪಿಸ್ಟನ್ ತಿಕ್ಕಿ ಇಂಜಿನ್ ಕಾಯುತ್ತದೆ. ನಾನು ಎಲ್ಲ ನೋಡಿದ್ದೇನೆ, ನೋಡದೇ ಉಳಿದದ್ದು ಚುಕ್ಕೆ ನಂಬಿ ಬಿಟ್ಟ ಬೋರ್ ಒಂದೇ. ಮೋಟಾರ್ ಸೈಕಲ್ ಹತ್ತಿದವನೇ ಹರಪನಹಳ್ಳಿಗೆ ಹೊಡೆದೆ.

ಅಂಗಡಿ ಮುಂದೆ ಹಡಗಲಿಯ ಇಬ್ಬರು ಮಿಸ್ತ್ರಿಗಳು, ಒಬ್ಬ ಬ್ಲಾಕ್ ಕೊಡಲು, ಒಬ್ಬ ಒಯ್ಯಲು ಬಂದು ಚಹಾ ಕುಡಿಯುತ್ತಿದ್ದರು. ಬ್ಯಾಂಕಿನಲ್ಲಿ ಕೆಲಸ ಮಾಡುವ ಮೌನೇಶನ ಮಗ ಪ್ರಕಾಶ ಊಟದ ಡಬ್ಬಿ ತಂದಿದ್ದ. ನಾನು ಗಾಡಿ ಸ್ಟ್ಯಾಂಡ್ ಹಾಕದೆಯೇ ಶುರು ಮಾಡಿದೆ.

"ಲೇ ಮೌನ್ಯಾ, ಕಣ್ಣು ಕಾಣದಿದ್ರ ಮಷಿನ್ ಮುಚ್ಚಿ ಮನ್ಯಾಗ ಕೂಡು. ಮಂದಿ ಇಂಜಿನ್ ಯಾಕ ಹಾಳ ಮಾಡ್ತೀ?"

ಅವನು ಮಷಿನ್ ನಿಲ್ಲಿಸಿದ. "ಏನಾತು, ಸಾವಕಾಶ ಹೇಳು" ಎಂದ.

"ಕೊಟ್ರೇಶಿ ಗಾಡಿ ಎಂಟು ದಿನದಿಂದ ಕುದಿಯಾಕತ್ತೈತಿ. ನೀ ಬೋರ್ ಬಿಗಿ ಹೊಡದೀ."

"ಬೋರ್ ಬಿಗಿ ಇದ್ರ ಬಿಸಿ ಆದ ಮ್ಯಾಲೆ ಇಂಜಿನ್ ಹಿಡಕೊಂತೈತಿ, ಸೆಲ್ಫ್ ಹೊಡದ್ರ ತಿರುಗಂಗಿಲ್ಲ. ನಿಂದು ತಿರುಗತೈತೇನು?"

ತಿರುಗುತ್ತಿತ್ತು. ಸಲೀಸಾಗಿ ತಿರುಗುತ್ತಿತ್ತು.

"ಹೋಗ್ಲಿ, ತಂದು ಬಿಚ್ಚು, ನಿನ್ನ ಮುಂದ ಅಳದು ತೋರಸ್ತೀನಿ" ಎಂದ ಅವನು. "ಕಟ್ಟೂವಾಗ ಏನೇನು ಹಾಕಿದೀ, ಏನೇನು ತಗದೀ, ಅದನ್ನರ ಹೇಳು."

"ಇಡೀ ಜೀವನಾ ಇಂಜಿನ್ ಬಿಚ್ಚಿದ ನನಗ ಕೇಳ್ತೀಯೇನಲೇ? ನಿನ್ನ ಚುಕ್ಕಿ ನಂಬಿದ್ದ ನನ್ನ ತಪ್ಪು!"

ಹಡಗಲಿಯವರು ಚಹಾದ ಗ್ಲಾಸ್ ಕೆಳಗಿಟ್ಟರು. ಒಬ್ಬ ಮೆಲ್ಲಗೆ ಎದ್ದು ತನ್ನ ಬ್ಲಾಕನ್ನು ಮತ್ತೆ ಗಾಡಿಗೆ ಎತ್ತಿಟ್ಟುಕೊಂಡ. ಇನ್ನೊಬ್ಬನದು ಆಗಲೇ ಬೋರ್ ಆಗಿತ್ತು, ಚುಕ್ಕೆ ಬಿದ್ದಿರಲಿಲ್ಲ. ಅವನು ಅದನ್ನು ಅಲ್ಲೇ ಬಿಟ್ಟು ಹೋದ. ಮೌನೇಶ ಅವರನ್ನೂ ನೋಡಿದ, ನನ್ನನ್ನೂ ನೋಡಿದ. ಪ್ರಕಾಶ, "ಕಾಕಾ, ನಾನೂ ಇದನ್ನೇ ಹೇಳ್ತಿದ್ದೆ ಅಪ್ಪಂಗೆ. ಇನ್ನು ಸಾಕು ಅಂತ" ಎಂದ.

ನಾನು ಅಲ್ಲಿಗೂ ಬಿಡಲಿಲ್ಲ. ಹಗರಿಬೊಮ್ಮನಹಳ್ಳಿಗೆ ಫೋನು, ಕೂಡ್ಲಿಗಿಗೆ ಫೋನು, ತಂಬ್ರಹಳ್ಳಿಯ ಟ್ರ್ಯಾಕ್ಟರ್ ಮಿಸ್ತ್ರಿಗೂ ಫೋನು. "ಮೌನೇಶನ ಕೈ ಹೋಗೇತಿ, ಹುಷಾರು." ನನ್ನ ಬಾಯಿಗೆ ಬ್ರೇಕ್ ಇರಲಿಲ್ಲ. ಕೆಲವೇ ದಿನಗಳಲ್ಲಿ ಬ್ಲಾಕುಗಳೆಲ್ಲ ದಾವಣಗೆರೆಯ ದಾರಿ ಹಿಡಿದವು. ಪ್ರಕಾಶ ಮಷಿನ್ನಿಗೆ ಗಿರಾಕಿ ಗೊತ್ತು ಮಾಡಿದ್ದಾನಂತೆ, ಮೌನೇಶ ಹೂಂ ಅಂದರೆ ಬರುವ ಸೋಮವಾರವೇ ಒಯ್ಯುತ್ತಾರಂತೆ ಎಂಬ ಸುದ್ದಿ ಬಂತು.

ಗುರುವಾರ ಗಾಡಿಯನ್ನು ನಾನೇ ಓಡಿಸಿಕೊಂಡು ಟೀಚರುಗಳ ಜೊತೆ ಹೊರಟೆ. ಅರ್ಧ ದಾರಿಯಲ್ಲಿ ಮತ್ತೆ ಕುದಿಯಿತು. ಉಳಿದವರು ಬಸ್ಸಿಗೆ ಕೈ ಮಾಡಿ ಹತ್ತಿದರು. ವಿಜ್ಞಾನ ಹೇಳುವ ಸುಜಾತಾ ಟೀಚರ್ ಮಾತ್ರ ಅವತ್ತು ರಜೆ ಬರೆದು ಹಾಕುತ್ತೇನೆಂದು ಸೀಟಿನಲ್ಲೇ ಕೂತು ಮಕ್ಕಳ ನೋಟ್‌ಬುಕ್ ತಿದ್ದುತ್ತಿದ್ದರು. ನಾನು ಬಾನೆಟ್ ಎತ್ತಿ ಗೊಣಗುತ್ತಿದ್ದೆ. ಅವರು ತಲೆ ಎತ್ತದೆಯೇ ಕೇಳಿದರು.

"ಮಿಸ್ತ್ರಿ, ರಿಪೇರಿಗಿಂತ ಮೊದ್ಲ ಈ ಗಾಡಿ ಹೊಗಿ ಬಿಡ್ತಿತ್ತು, ಖರೆ. ಆದ್ರ ಒಂದು ದಿನಾನೂ ಕುದ್ದಿಲ್ಲ. ಅವಾಗ ಇದ್ದದ್ದು ಈಗ ಇಲ್ಲದ್ದು ಏನೈತ್ರಿ ಅದರಾಗ?"

"ಏನೂ ಇಲ್ಲ ಟೀಚರ್" ಎಂದೆ. ಅನ್ನುವಾಗಲೇ ನೆನಪಾಯಿತು. ಆಗ ಇದ್ದು ಈಗ ಇಲ್ಲದಿದ್ದದ್ದು ನನ್ನ ಬಿಸ್ಕೆಟ್ ಡಬ್ಬಿಯಲ್ಲಿತ್ತು.

ನೀವು ಇದನ್ನು ಸರಿಯಾಗಿ ತಿಳಿದುಕೊಳ್ಳಿ. ಇಂಥ ಇಂಜಿನ್ನುಗಳಲ್ಲಿ ನೀರಿಗೆ ಎರಡು ದಾರಿ. ಒಂದು ರೇಡಿಯೇಟರಿಗೆ ಹೋಗಿ ತಣ್ಣಗಾಗಿ ಬರುವ ಉದ್ದದ ದಾರಿ. ಇನ್ನೊಂದು ಇಂಜಿನ್ನಿನಲ್ಲೇ ಸುತ್ತಿ ಬರುವ ಅಡ್ಡ ದಾರಿ. ಥರ್ಮೋಸ್ಟಾಟ್ ಬಿಸಿಯಾದಾಗ ಉದ್ದದ ದಾರಿ ತೆರೆಯುವುದಷ್ಟೇ ಅಲ್ಲ, ತನ್ನ ಅಡಿಯಿಂದ ಅಡ್ಡ ದಾರಿಯನ್ನು ಮುಚ್ಚುತ್ತದೆ. ಅದನ್ನು ಕಿತ್ತು ಹಾಕಿದರೆ ಅಡ್ಡ ದಾರಿ ತೆರೆದೇ ಇರುತ್ತದೆ. ಬಿಸಿ ನೀರು ರೇಡಿಯೇಟರಿನ ಕಡೆ ಹೋಗದೆ ಅಲ್ಲಲ್ಲೇ ಸುತ್ತುತ್ತದೆ. ಅದಕ್ಕೇ ರೇಡಿಯೇಟರ್ ತಣ್ಣಗೆ, ಇಂಜಿನ್ ಬೆಂಕಿ. ಉಸ್ತಾದರ ಕಾಲದ ಗಾಡಿಗಳಲ್ಲಿ ಆ ಅಡ್ಡ ದಾರಿ ಸಣ್ಣದು, ನಡೆದುಹೋಯಿತು. ಇಂಥ ಇಂಜಿನ್ನುಗಳನ್ನು ನಾನು ಹಿಂದೆಯೂ ಕಟ್ಟಿದ್ದೆ, ಅವೂ ಬಿಸಿಯಾಗುತ್ತಿದ್ದವು, ಆಗೆಲ್ಲ ರೇಡಿಯೇಟರಿನವರನ್ನು ಬೈದು ದೊಡ್ಡ ಫ್ಯಾನ್ ಹಾಕಿಸಿ ಕಳಿಸಿದ್ದೆ.

ಗ್ಯಾರೇಜಿಗೆ ಬಂದು ಡಬ್ಬಿ ಸುರುವಿದೆ. ಮೇಲೆಯೇ ಇತ್ತು ಕೊಟ್ರೇಶಿ ಗಾಡಿಯದ್ದು. ಪಕ್ಕದ ಚಹಾ ಅಂಗಡಿಯ ಪಾತ್ರೆಯಲ್ಲಿ ನೀರು ಕುದಿಸಿ ಅದರಲ್ಲಿ ಬಿಟ್ಟೆ. ಅದು ನಿಧಾನ ಬಾಯಿ ತೆರೆಯಿತು. ಇಷ್ಟು ದಿನ ಡಬ್ಬಿಯಲ್ಲಿ ಬಿದ್ದಿದ್ದರೂ ಅದಕ್ಕೇನೂ ಆಗಿರಲಿಲ್ಲ. ಹಾಕಿ ಕಟ್ಟಿ ಉಜ್ಜಿನಿಗೆ ಹೋಗಿ ಬಂದೆ. ಮೀಟರಿನ ಮುಳ್ಳು ಅರ್ಧಕ್ಕೆ ಬಂದು ನಿಂತಿತು, ಅಲುಗಲಿಲ್ಲ. ಕೊಟ್ರೇಶಿ ಕುಣಿದ. "ಏನ್ ಮಾಡಿದ್ರಿ ಅಣ್ಣಾ?" ಎಂದು ಕೇಳಿದ. "ಏನೋ ಸಣ್ಣದು" ಎಂದೆ. ಮೌನೇಶ ಅವತ್ತು ನನಗಾಗಿ ಆಡಿದ ಮಾತನ್ನೇ ನಾನು ನನ್ನನ್ನು ಮುಚ್ಚಿಕೊಳ್ಳಲು ಆಡಿದ್ದೆ. ನನಗೆ ನಾಚಿಕೆಯಾಯಿತು.

ಆಗಲೇ ಹರಪನಹಳ್ಳಿಗೆ ಹೋಗಬೇಕಿತ್ತು. ಬೈಯಲು ಹೋಗುವಾಗ ಸ್ಟ್ಯಾಂಡ್ ಹಾಕುವಷ್ಟೂ ಪುರುಸೊತ್ತಿರದ ಮನುಷ್ಯ ನಾನು. ತಪ್ಪು ಒಪ್ಪಲು ಹೋಗುವಾಗ ನನಗೆ ನೂರು ಕೆಲಸ ಬಂದವು. ಶುಕ್ರವಾರ ನಮಾಜಿಗೆ ಹೋದೆ, ಮನಸ್ಸು ನಿಲ್ಲಲಿಲ್ಲ. ಶನಿವಾರ ಮೋಟಾರ್ ಸೈಕಲ್ ತೊಳೆದೆ, ಚೈನಿಗೆ ಆಯಿಲ್ ಬಿಟ್ಟೆ, ಅರ್ಧ ದಾರಿ ಹೋಗಿ ಪೆಟ್ರೋಲ್ ಕಡಿಮೆ ಇದೆ ಅಂತ ತಿರುಗಿ ಬಂದೆ. ಪೆಟ್ರೋಲ್ ಇತ್ತು. ಭಾನುವಾರ ಫೋನು ಹಿಡಿದು ಹೆಸರು ಒತ್ತಿ, ರಿಂಗ್ ಆಗುವ ಮೊದಲು ಕತ್ತರಿಸಿದೆ. ಹೆಂಡತಿ ನೋಡಿ ನೋಡಿ ಸಾಕಾಗಿ, "ಯಾರಿಗೆ ಏನ್ ಮಾಡೀರಿ, ಹೋಗಿ ಹೇಳಿ ಬರ್ರಿ. ಮನಿತುಂಬ ಹಿಂಗ ತಿರುಗಬ್ಯಾಡ್ರಿ" ಎಂದಳು.

ಸೋಮವಾರ ಹೋದೆ. ಅಂಗಡಿ ಮುಂದೆ ಲಾರಿ ನಿಂತಿತ್ತು. ಮಷಿನಿನ ನೆಲದ ಬೋಲ್ಟು ಬಿಚ್ಚಿ, ಕೆಳಗೆ ಪೈಪು ಕೊಟ್ಟು, ಅದನ್ನು ಬಾಗಿಲ ಹೊರಗೆ ಉರುಳಿಸಿದ್ದರು. ಪ್ರಕಾಶ ಹಗ್ಗ ಹಿಡಿದಿದ್ದ. ಮೌನೇಶ ಕಟ್ಟೆಯ ಮೇಲೆ ಕೂತಿದ್ದ. ಹಡಗಲಿಯ ಮಿಸ್ತ್ರಿ ಬಿಟ್ಟುಹೋದ ತನ್ನ ಬ್ಲಾಕ್ ಒಯ್ಯಲು ಬಂದು ನಿಂತಿದ್ದ. ಒಳ್ಳೆಯದೇ ಆಯಿತು ಅಂದುಕೊಂಡೆ. ಬೈದದ್ದನ್ನು ಕೇಳಿದವನು ಇದನ್ನೂ ಕೇಳಲಿ.

"ಎಲ್ಲಾರೂ ಕೇಳ್ರಿ" ಎಂದೆ. "ಮೌನೇಶನ ಬೋರ್ ಸರಿ ಇತ್ತು. ಥರ್ಮೋಸ್ಟಾಟ್ ತಗದು ಒಗದಾಂವ ನಾನು. ಗಾಡಿ ಕುದಿಸಿದಾಂವ ನಾನು. ನಾ ಅಂದದ್ದೆಲ್ಲಾ ಸುಳ್ಳು. ಮಷಿನ್ ಒಳಗ ಉರುಳಸ್ರಿ."

ಲಾರಿಯವನು ಪ್ರಕಾಶನ ಮುಖ ನೋಡಿದ. ಮೌನೇಶ ಕೇಳಿದ, "ಯಾವಾಗ ಗೊತ್ತಾತು?"

ಸುಳ್ಳು ಹೇಳಬಹುದಿತ್ತು. "ಗುರುವಾರ" ಎಂದೆ.

ಅವನು ಬೆರಳು ಮಡಚಿ ಎಣಿಸಿದ. ಆಮೇಲೆ ಪಕ್ಕದಲ್ಲಿದ್ದ ಹಡಗಲಿಯ ಬ್ಲಾಕನ್ನು ಕೈಯಿಂದ ತಟ್ಟಿದ. "ಇದನ್ನ ನೋಡು. ಬೋರ್ ಮಾಡಿ ಹದಿನೈದು ದಿನ ಆತು. ನೀ ಬೈದು ಹೋದ ಮ್ಯಾಲೆ ಅಳದೆ. ಒಂದು ಬಂತು. ಮತ್ತ ಅಳದೆ, ಬ್ಯಾರೇ ಬಂತು. ಮೂರನೇ ಸಲ ಗೇಜ್ ನೆಟ್ಟಗ ನಿಲ್ಲಲಿಲ್ಲ. ಚುಕ್ಕಿ ಹೊಡಿಯಾಕ ಧೈರ್ಯ ಆಗಲಿಲ್ಲ ದಾದು. ಮಷಿನ್ ಮಾರು ಅಂತ ಪ್ರಕಾಶಗ ಶನಿವಾರ ನಾನ ಹೇಳಿದೆ. ಅಲ್ಲೀತನಕ ಬ್ಯಾಡ ಅಂತಿದ್ದೆ."

ಶನಿವಾರ ನಾನು ಚೈನಿಗೆ ಆಯಿಲ್ ಬಿಡುತ್ತಿದ್ದೆ.

ಅವನು ಸಿಲಿಂಡರ್ ಅಳೆಯುವ ಬೋರ್ ಗೇಜ್ ತೆಗೆದು ಬ್ಲಾಕಿನ ಮೊದಲ ಸಿಲಿಂಡರಿಗೆ ಇಳಿಸಿದ. ತಾನು ಡಯಲ್ ಕಡೆ ನೋಡಲಿಲ್ಲ. "ನೀನ ಓದು" ಎಂದ. ನಾನು ಬಗ್ಗಿ ಓದಿದೆ. ಮೇಲೆ, ನಡುವೆ, ಕೆಳಗೆ. ಎರಡನೆಯದು, ಮೂರನೆಯದು, ನಾಲ್ಕನೆಯದು. ಎಲ್ಲ ಕಡೆಯೂ ಮುಳ್ಳು ಒಂದೇ ಗೆರೆಗೆ ಬಂದು ನಿಂತಿತು. ನಾನು ಪ್ರತಿ ಸಲವೂ ಜೋರಾಗಿ ಹೇಳಿದೆ, ಹಡಗಲಿಯವನಿಗೂ ಪ್ರಕಾಶನಿಗೂ ಕೇಳಲಿ ಎಂದು.

"ಚುಕ್ಕಿ ಹೊಡಿ ಮೌನ್ಯಾ" ಎಂದೆ.

ಅವನು ಪಂಚ್ ಮತ್ತು ಸುತ್ತಿಗೆಯನ್ನು ನನ್ನ ಕೈಗೆ ಕೊಟ್ಟ. "ನಂದು ನಂಬಾಂವ ಯಾರದಾನ ಈಗ? ನೀನ ಹೊಡಿ."

ಹೊಡೆದೆ. ಚುಕ್ಕೆ ಸೊಟ್ಟ ಬಿತ್ತು. ಹಡಗಲಿಯ ಮಿಸ್ತ್ರಿ ಅದರ ಮೇಲೆ ಬೆರಳಾಡಿಸಿ, ಬ್ಲಾಕ್ ಎತ್ತಿಕೊಂಡು ಹೋದ. ಪ್ರಕಾಶ ಹಗ್ಗ ಸಡಿಲ ಬಿಟ್ಟು, "ಅಪ್ಪಾ, ಬೇಕಾದ್ರೆ ವಾಪಸ್ ಒಳಗೆ ಉರುಳಿಸೋಣ, ನಾ ಗಿರಾಕಿಗೆ ಹೇಳ್ತೀನಿ" ಎಂದ. ಮೌನೇಶ ಎದ್ದು ಮಷಿನಿನ ಮೇಲೆ ಕೈಯಾಡಿಸಿದ. ಆಮೇಲೆ ಲಾರಿಯವನಿಗೆ ಕೈ ಸನ್ನೆ ಮಾಡಿದ. "ಏರಸ್ರಿ. ಇನ್ನ ಮ್ಯಾಲೆ ದಿನಾ ನನಗ ನಾನ ಅನುಮಾನ ಪಡಕೋಂತ ಕೆಲಸ ಮಾಡಾಕ ಆಗಂಗಿಲ್ಲ."

ಎಲ್ಲ ಮಿಸ್ತ್ರಿಗಳಿಗೂ ಮತ್ತೆ ಫೋನು ಮಾಡಿ ನಿಜ ಹೇಳಿದೆ. ಎಲ್ಲರೂ "ಹೌದಾ, ಪಾಪ" ಎಂದರು. ಡಬ್ಬಿಯಲ್ಲಿದ್ದ ಥರ್ಮೋಸ್ಟಾಟುಗಳನ್ನು ಹಿಡಿದು ಅವುಗಳ ಗಾಡಿ ಹುಡುಕಿದೆ, ಎರಡೇ ಸಿಕ್ಕವು, ಉಳಿದವೆಲ್ಲ ಗುಜರಿಗೆ ಹೋಗಿದ್ದವು. ಇದೆಲ್ಲ ಆಮೇಲಿನ ಮಾತು. ಆ ಸೋಮವಾರ ಲಾರಿ ತಿರುವು ದಾಟುವ ತನಕ ನಾನು ಎಂದಿನಂತೆ ಹೊಸ್ತಿಲ ಹೊರಗೇ ನಿಂತಿದ್ದೆ. ಮೌನೇಶ ಒಳಗೆ ಹೋಗಿ, ನೆಲದಲ್ಲಿ ಉಳಿದಿದ್ದ ಆಯಿಲ್ ಕಲೆಯನ್ನು ಬಟ್ಟೆಯಿಂದ ಒರೆಸುತ್ತಿದ್ದ. ತಲೆ ಎತ್ತಿ ನನ್ನನ್ನು ನೋಡಿದ.

"ಬಾರಲೇ ಒಳಗ" ಎಂದ. "ಈಗ ಜಾಗ ಐತಿ."

ಹೋಗಿ ಅವನ ಪಕ್ಕ ನೆಲದ ಮೇಲೆ ಕೂತೆ. ಅವತ್ತು ಸಂಜೆಯ ತನಕ ನಾನು ಏಳಲಿಲ್ಲ.